ಹ್ಯಾವ್, ಹ್ಯಾಸ್, ಹ್ಯಾಡ್ ಎಲ್ಲಿ ಹಾಕೂದು, ಎಲ್ಲಿ ಬಿಡೂದು: ಕಾಸರಗೋಡಿನ ಕನ್ನಡದವರಿಗೆ

‘ಐ ಹ್ಯಾಡ್ ಗಾನ್ ಟು ಮ್ಯಾಂಗಳೋರ್ ಯೆಸ್ಟರ್‌ಡೇ.’ ಕಾಸರಗೋಡಿಂದ ತಲಪಾಡಿವರೆಗೆ ಎಲ್ಲಿ ಹೋದ್ರೂ ಈ ವಾಕ್ಯ ಕಿವಿಗೆ ಬೀಳ್ತದೆ, ಕಾಲೇಜು ಮಕ್ಕಳ ಬಾಯಲ್ಲಿ, ರಜೆ ಅರ್ಜಿಯಲ್ಲಿ, ಗಲ್ಫಿನಲ್ಲಿರುವವರ ವಾಟ್ಸಾಪ್ ಮೆಸೇಜಲ್ಲಿ ಕೂಡಾ. ಯಾಕೆ ಹೀಗೆ ಬರ್ತದೆ ಅಂದ್ರೆ ನಮ್ಮ ಮನಸ್ಸಿಗೆ ಮೊದಲು ಬರೂದು ‘ನಾನು ನಿನ್ನೆ ಮಂಗಳೂರಿಗೆ ಹೋಗಿದ್ದೆ’ ಅಂತ, ಅದು ಒಳ್ಳೇ ಕನ್ನಡ, ಅದ್ರಲ್ಲಿ ಎಂತ ತಪ್ಪೂ ಇಲ್ಲ. ಮನೆಯಲ್ಲಿ ತುಳು ಮಾತಾಡುವವರಿಗೆ ‘ಪೋದಿತ್ತೆ’, ಮಲಯಾಳದವರಿಗೆ ‘ಪೋಯಿರುನ್ನು’. ಹೀಗೆ ನಮ್ಮ ಸುತ್ತಲಿನ ಮೂರು ಭಾಷೆಯೂ ನಮ್ಮನ್ನು ‘ಹ್ಯಾಡ್ ಗಾನ್’ ಕಡೆಗೇ ದೂಡ್ತದೆ, ಆದ್ರೆ ಇಂಗ್ಲಿಷ್‌ನಲ್ಲಿ ಅಲ್ಲಿ ಬೇಕಾದ್ದು ಬರೀ ‘ಐ ವೆಂಟ್ ಟು ಮ್ಯಾಂಗಳೋರ್ ಯೆಸ್ಟರ್‌ಡೇ’ ಮಾತ್ರ.

ಇದನ್ನೇ ಸರಿಯಾಗಿ ಕೂತು ನೋಡುವ ಅಂತ ಈ ಬರಹ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ, ಬಾಯಿಬಿಟ್ಟು ಓದಿ, ಕಣ್ಣಲ್ಲಿ ಓದಿದ್ರೆ ಈ ವಿಷಯ ತಲೆಗೆ ಹೋಗ್ಲಿಕ್ಕೆ ತುಂಬಾ ಸಮಯ ಬೇಕು. ಗ್ರಾಮರ್ ಪುಸ್ತಕದಲ್ಲಿ ಪ್ರೆಸೆಂಟ್ ಪರ್ಫೆಕ್ಟ್, ಪಾಸ್ಟ್ ಪರ್ಫೆಕ್ಟ್, ಫ್ಯೂಚರ್ ಪರ್ಫೆಕ್ಟ್ ಅಂತ ಮೂರು ಟೇಬಲ್ ಕೊಟ್ಟಿರ್ತಾರೆ, ಟೇಬಲ್ ಬಾಯಿಪಾಠ ಮಾಡಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಆದ್ರೆ ಮಾತಾಡ್ಲಿಕ್ಕೆ ಹೊರಟಾಗ ಯಾವುದು ಎಲ್ಲಿ ಅಂತ ಕೈಗೆ ಸಿಗೂದಿಲ್ಲ. ಟೇಬಲ್‌ನಲ್ಲಿ ಇರೂದು ರೂಪ ಮಾತ್ರ, ಯಾವಾಗ ಬಳಸ್ಬೇಕು ಅನ್ನೂದು ಅಲ್ಲಿ ಇರೂದಿಲ್ಲ.

ಮೂರಕ್ಕೂ ಸೇರಿ ಇರೂದು ಒಂದೇ ಸಂಗತಿ: ನೀವು ಒಂದು ಕಡೆ ನಿಂತು ಹಿಂದೆ ತಿರುಗಿ ನೋಡ್ತಿದ್ದೀರಿ. ಈಗ ನಿಂತು ಹಿಂದೆ ನೋಡಿದ್ರೆ ‘ಹ್ಯಾವ್’ ಅಥವಾ ‘ಹ್ಯಾಸ್’. ಆಗಿ ಹೋದ ಯಾವುದೋ ಹೊತ್ತಿನಲ್ಲಿ ನಿಂತು ಅದಕ್ಕಿಂತಲೂ ಹಿಂದೆ ನೋಡಿದ್ರೆ ‘ಹ್ಯಾಡ್’. ಮುಂದೆ ಬರುವ ಹೊತ್ತಿಗೆ ಹೋಗಿ ನಿಂತು ನೋಡಿದ್ರೆ ‘ವಿಲ್ ಹ್ಯಾವ್’. ಕನ್ನಡದಲ್ಲೂ ‘ಮಾಡಿದ್ದೇನೆ, ಮಾಡಿದ್ದೆ, ಮಾಡಿರ್ತೇನೆ’ ಅಂತ ಮೂರು ಉಂಟಲ್ಲ, ಹಾಗಾಗಿ ಐಡಿಯಾ ನಮಗೆ ಹೊಸತಲ್ಲ, ಕೆಲವು ಜಾಗದಲ್ಲಿ ಮಾತ್ರ ಎರಡು ಭಾಷೆಯ ದಾರಿ ಬೇರೆ ಆಗ್ತದೆ, ಆ ಜಾಗಗಳನ್ನು ಗುರ್ತು ಇಟ್ಕೊಂಡ್ರೆ ಮುಕ್ಕಾಲು ಕೆಲಸ ಮುಗೀತದೆ.

ರೂಪದ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ‘ಹ್ಯಾವ್’ ಆದ ಮೇಲೆ ಕ್ರಿಯಾಪದದ ಮೂರನೇ ರೂಪ: ಗೋ-ವೆಂಟ್-ಗಾನ್, ಸೀ-ಸಾ-ಸೀನ್, ರೈಟ್-ರೋಟ್-ರಿಟನ್, ಇವುಗಳಲ್ಲಿ ಕೊನೇದ್ದು. ‘ಹ್ಯಾಸ್ ವೆಂಟ್’, ‘ಹ್ಯಾವ್ ಸಾ’ ಅಂತ ಬರೆದ್ರೆ ಇಂಟರ್ವ್ಯೂನಲ್ಲಿ ಕೂಡ್ಲೇ ಗೊತ್ತಾಗ್ತದೆ. ಇದಕ್ಕೆ ಬಾಯಿಪಾಠ ಬಿಟ್ಟು ಬೇರೆ ದಾರಿ ಇಲ್ಲ, ದಿನಾ ಬಳಸುವ ಮೂವತ್ತು ನಲ್ವತ್ತು ಪದ ಕಲ್ತ್ರೆ ಸಾಕು.

ಇನ್ನು ಮೊದಲನೇ ದೊಡ್ಡ ಜಾಗ, ಟೈಮ್. ಮುಗಿದು ಹೋದ ಟೈಮನ್ನು ಬಾಯಿಬಿಟ್ಟು ಹೇಳಿದ್ರೆ ‘ಹ್ಯಾವ್’ ಬರೂದೇ ಇಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟು ಡೇಸ್ ಅಗೋ, ಇನ್ 1984, ವೆನ್ ಐ ವಾಸ್ ಎ ಚೈಲ್ಡ್, ಇವುಗಳಲ್ಲಿ ಒಂದು ಇದ್ರೂ ಸಿಂಪಲ್ ಪಾಸ್ಟ್, ಅಂದ್ರೆ ವೆಂಟ್, ಸಾ, ರೋಟ್ ತರದ ಎರಡನೇ ರೂಪ. ‘ಕಾಸರಗೋಡ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1984’ ಸರಿ, ‘ಹ್ಯಾಸ್ ಬಿಕಮ್ ಎ ಡಿಸ್ಟ್ರಿಕ್ಟ್ ಇನ್ 1984’ ತಪ್ಪು. ‘ಐ ಹ್ಯಾವ್ ಪೇಯ್ಡ್ ದ ಫೀಸ್’ ಸರಿ, ‘ಐ ಪೇಯ್ಡ್ ದ ಫೀಸ್ ಆನ್ ಮಂಡೇ’ ಸರಿ, ಎರಡನ್ನೂ ಸೇರಿಸಿ ‘ಐ ಹ್ಯಾವ್ ಪೇಯ್ಡ್ ದ ಫೀಸ್ ಆನ್ ಮಂಡೇ’ ಅಂದ್ರೆ ಆಗೂದಿಲ್ಲ. ಕನ್ನಡದಲ್ಲಿ ‘ಸೋಮವಾರವೇ ಕಟ್ಟಿದ್ದೇನೆ’ ಅಂತ ಧಾರಾಳ ಹೇಳ್ತೇವೆ ಅಲ್ವಾ, ಅದೇ ಇಲ್ಲಿ ಕೈಕೊಡೂದು. ಅದೇ ರೀತಿ ‘ವೆನ್’ ಅಂತ ಪ್ರಶ್ನೆ ಕೇಳಿದ್ರೂ ‘ಹ್ಯಾವ್’ ಇಲ್ಲ, ‘ವೆನ್ ಹ್ಯಾವ್ ಯು ಕಮ್’ ಅಲ್ಲ, ‘ವೆನ್ ಡಿಡ್ ಯು ಕಮ್’. ಟುಡೇ, ದಿಸ್ ವೀಕ್, ದಿಸ್ ಇಯರ್ ಇವೆಲ್ಲ ಇನ್ನೂ ಮುಗೀಲಿಲ್ಲ ಆದ್ದರಿಂದ ಅವುಗಳ ಜೊತೆ ‘ಹ್ಯಾವ್’ ಹಾಕ್ಬಹುದು: ‘ಇಟ್ ಹ್ಯಾಸ್ ರೇನ್ಡ್ ಎ ಲಾಟ್ ದಿಸ್ ವೀಕ್.’

ಟೈಮ್ ಹೇಳದೇ ಇದ್ರೂ ಮುಗಿದ ಟೈಮ್ ಅಂತ ಗೊತ್ತಾಗುವ ಸಂದರ್ಭ ಉಂಟು, ಅದು ಎಷ್ಟೋ ಪುಸ್ತಕದಲ್ಲಿ ಸರಿಯಾಗಿ ಬಿಡಿಸಿ ಹೇಳೂದಿಲ್ಲ. ನಮ್ಮ ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ ಮಕ್ಕಳು ಇಂಗ್ಲಿಷ್‌ನಲ್ಲಿ ಪ್ರಬಂಧ ಬರೀತಾರೆ, ‘ಗೋವಿಂದ ಪೈ ಹ್ಯಾಸ್ ಲಿವ್ಡ್ ಇನ್ ಮಂಜೇಶ್ವರ, ಹೀ ಹ್ಯಾಸ್ ರಿಟನ್ ಮೆನಿ ಪೊಯಮ್ಸ್’ ಅಂತ. ಅವರು ತೀರಿಹೋದದ್ದು 1963ರಲ್ಲಿ. ಅವರು ಇನ್ನು ಹೊಸ ಕವಿತೆ ಬರೆಯುವ ಹಾಗಿಲ್ಲ, ಅವರ ಜೀವಮಾನವೇ ಒಂದು ಮುಗಿದ ಟೈಮ್. ಹಾಗಾಗಿ ‘ಹೀ ಲಿವ್ಡ್’, ‘ಹೀ ರೋಟ್’. ಆದ್ರೆ ಅವರ ಕವಿತೆ ಈಗಲೂ ಓದ್ತೇವಲ್ಲ, ಅದಕ್ಕೆ ‘ಪೀಪಲ್ ಹ್ಯಾವ್ ರೆಡ್ ಹಿಸ್ ಪೊಯಮ್ಸ್ ಫಾರ್ ಜನರೇಷನ್ಸ್’ ಅನ್ಬಹುದು, ಯಾಕಂದ್ರೆ ಇಲ್ಲಿ ಮಾತು ಓದುವವರದ್ದು, ಓದೂದು ನಿಂತಿಲ್ಲ. ಬದುಕಿರುವ ಕವಿ ಆದ್ರೆ ‘ಶೀ ಹ್ಯಾಸ್ ರಿಟನ್ ಫೈವ್ ಬುಕ್ಸ್’ ಸರಿಯೇ, ಆರನೇದ್ದು ಬರ್ಲಿಕ್ಕೂ ಸಾಕು ಅನ್ನುವ ಅರ್ಥ ಅದ್ರೊಳಗೆ ಉಂಟು.

ಟೈಮ್ ಎಲ್ಲೂ ಇಲ್ಲದಿದ್ದಾಗ ‘ಹ್ಯಾವ್’ ಹಾಕೂದಾ ‘ಡಿಡ್’ ಹಾಕೂದಾ ಅಂತ ಡೌಟ್ ಬಂದ್ರೆ ಒಂದು ಒಳ್ಳೇ ಉಪಾಯ ಉಂಟು, ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ ನೋಡಿ. ಸ್ಟಾಪಿನಲ್ಲಿ ನಿಂತು ಯಾರೋ ಕೇಳ್ತಾರೆ, ಬದಿಯಡ್ಕದ ಬಸ್ಸು ಬಂತಾ ಅಂತ. ‘ಬಂದಿಲ್ಲ’ ಅಂದ್ರೆ ಇನ್ನು ಬರ್ಲಿಕ್ಕುಂಟು, ಕಾಯ್ತಾ ಇದ್ದೇವೆ. ‘ಬರ್ಲಿಲ್ಲ’ ಅಂದ್ರೆ ಆ ಹೊತ್ತು ದಾಟಿತು, ಆ ಬಸ್ಸಿನ ಆಸೆ ಬಿಟ್ಟಾಯ್ತು. ಮೊದಲನೇದ್ದು ‘ದ ಬಸ್ ಹ್ಯಾಸಂಟ್ ಕಮ್’, ಎರಡನೇದ್ದು ‘ದ ಬಸ್ ಡಿಡಂಟ್ ಕಮ್’. ಇಂಗ್ಲಿಷ್‌ನವರು ಮಾಡುವ ಅದೇ ವ್ಯತ್ಯಾಸವನ್ನು ನಾವು ದಿನಾ ಯೋಚನೆಯೇ ಮಾಡದೆ ಮಾಡ್ತಿದ್ದೇವೆ. ‘ರಿಪ್ಲೈ ಬಂದಿಲ್ಲ’ ಅಂದ್ರೆ ‘ಐ ಹ್ಯಾವಂಟ್ ರಿಸೀವ್ಡ್ ಎ ರಿಪ್ಲೈ’, ‘ರಿಪ್ಲೈ ಬರ್ಲೇ ಇಲ್ಲ’ ಅಂದ್ರೆ ‘ಐ ಡಿಡಂಟ್ ಗೆಟ್ ಎ ರಿಪ್ಲೈ’. ಒಂದು ಎಚ್ಚರಿಕೆ ಏನಂದ್ರೆ ಮಾತಿನ ಭರದಲ್ಲಿ ನಾವು ‘ಅವ ನಿನ್ನೆ ಬಂದೇ ಇಲ್ಲ’ ಅಂತಲೂ ಹೇಳ್ತೇವೆ, ಅಲ್ಲಿ ಈ ಉಪಾಯ ನಡೆಯೂದಿಲ್ಲ. ಹಾಗಾಗಿ ಮೊದಲು ‘ನಿನ್ನೆ, ಮೊನ್ನೆ, ಹೋದ ವರ್ಷ’ ಇದ್ಯಾ ಅಂತ ನೋಡಿ, ಇಲ್ಲದಿದ್ರೆ ಮಾತ್ರ ‘ಇಲ್ಲ’ದ ಪರೀಕ್ಷೆ. ಅಮೆರಿಕದವರ ಸಿನಿಮಾ ನೋಡುವವರಿಗೆ ಇನ್ನೊಂದು ಮಾತು, ಅಲ್ಲಿ ‘ಡಿಡ್ ಯು ಈಟ್ ಯೆಟ್?’, ‘ಐ ಜಸ್ಟ್ ಏಟ್’ ಅಂತ ಧಾರಾಳ ಕೇಳ್ತದೆ, ಬ್ರಿಟಿಷರದ್ದು ‘ಹ್ಯಾವ್ ಯು ಈಟನ್ ಯೆಟ್?’, ‘ಐ ಹ್ಯಾವ್ ಜಸ್ಟ್ ಈಟನ್’. ಮಾತಿನಲ್ಲಿ ಎರಡೂ ನಡೀತದೆ, ಪರೀಕ್ಷೆಯಲ್ಲಿ ಎರಡನೇದ್ದು ಬರೀರಿ.

ಎರಡನೇ ದೊಡ್ಡ ಜಾಗ, ‘ಇಂದ’. ‘ಹತ್ತು ವರ್ಷದಿಂದ ಇಲ್ಲೇ ಇದ್ದೇನೆ’ ಅನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲಿ ಉಂಟು, ಅದ್ರಿಂದಲೇ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಹುಟ್ಟೂದು. ಅದ್ರಲ್ಲಿ ಎರಡು ತಪ್ಪು ಉಂಟು. ಹಿಂದೆ ಶುರುವಾಗಿ ಈಗಲೂ ನಡೀತಿದ್ರೆ ಇಂಗ್ಲಿಷ್‌ನಲ್ಲಿ ‘ಹ್ಯಾವ್’ ಬೇಕೇ ಬೇಕು, ಮತ್ತೆ ಎಷ್ಟು ಕಾಲ ಅನ್ನೂದಕ್ಕೆ ‘ಫಾರ್’, ಯಾವಾಗ ಶುರು ಅನ್ನೂದಕ್ಕೆ ‘ಸಿನ್ಸ್’. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’, ‘ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ 2015’. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಇಂದ’ ಆದ್ದರಿಂದ ಇಲ್ಲಿ ಕಿವಿ ಸಹಾಯಕ್ಕೆ ಬರೂದಿಲ್ಲ, ಲೆಕ್ಕ ಹಾಕ್ಲೇಬೇಕು: ವರ್ಷ, ತಿಂಗಳು, ಗಂಟೆ ಎಣಿಸಿ ಹೇಳಿದ್ರೆ ‘ಫಾರ್’, ಇಸವಿ, ವಾರದ ಹೆಸರು, ‘ಮದುವೆ ಆದಲ್ಲಿಂದ’ ಅಂತ ಬಂದ್ರೆ ‘ಸಿನ್ಸ್’. ‘ಮದುವೆ ಆದಲ್ಲಿಂದ’ ಅನ್ನೂದು ‘ಸಿನ್ಸ್ ಶೀ ಗಾಟ್ ಮ್ಯಾರೀಡ್’, ಸಿನ್ಸ್ ಆದ ಮೇಲೆ ಸಿಂಪಲ್ ಪಾಸ್ಟ್, ಇನ್ನೊಂದು ಕಡೆ ‘ಹ್ಯಾಸ್’: ‘ಶೀ ಹ್ಯಾಸ್ ಲಿವ್ಡ್ ಹಿಯರ್ ಸಿನ್ಸ್ ಶೀ ಗಾಟ್ ಮ್ಯಾರೀಡ್.’

ಈ ಜಿಲ್ಲೆಯವರಿಗೆ ಇದನ್ನು ಹೇಳ್ಲಿಕ್ಕೆ ನಮ್ಮದೇ ಚರಿತ್ರೆ ಸಾಕು. ‘ಕಾಸರಗೋಡ್ ಜಾಯ್ನ್ಡ್ ಕೇರಳ ಇನ್ 1956’ ಅಂದ್ರೆ ಒಂದು ದಿನ ಆದ ಘಟನೆ. ‘ಕಾಸರಗೋಡ್ ಹ್ಯಾಸ್ ಬೀನ್ ಇನ್ ಕೇರಳ ಸಿನ್ಸ್ 1956’ ಅಂದ್ರೆ ಅಂದಿನಿಂದ ಇಂದಿನವರೆಗಿನ ಸ್ಥಿತಿ. ‘ಬಿಫೋರ್ ದಟ್, ಇಟ್ ಹ್ಯಾಡ್ ಬೀನ್ ಪಾರ್ಟ್ ಆಫ್ ಸೌತ್ ಕೆನರಾ’ ಅಂದ್ರೆ 1956ರಲ್ಲಿ ನಿಂತು ಇನ್ನೂ ಹಿಂದೆ ನೋಡಿದ್ದು. ಗೇರು ತೋಟಕ್ಕೆ ಸಿಂಪಡಿಸ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವವರೂ ಇದನ್ನು ಗಮನಿಸ್ಬೇಕು. ‘ದ ಸುಪ್ರೀಂ ಕೋರ್ಟ್ ಬ್ಯಾನ್ಡ್ ಎಂಡೋಸಲ್ಫಾನ್ ಇನ್ 2011’, ಇದು ಸಿಂಪಲ್ ಪಾಸ್ಟ್. ಆದ್ರೆ ಗೇರು ತೋಟದ ಪಕ್ಕದ ಊರಿನವರ ಕಷ್ಟಕ್ಕೆ ‘ದೇ ಸಫರ್ಡ್’ ಅಂತ ಬರೆದ್ರೆ ಅದು ಮುಗೀತು ಅಂತ ಓದುವವರಿಗೆ ಅನಿಸ್ತದೆ. ‘ಫ್ಯಾಮಿಲೀಸ್ ಹ್ಯಾವ್ ಸಫರ್ಡ್ ಫಾರ್ ಡೆಕೇಡ್ಸ್’ ಅಂತ ಬರೀಬೇಕು, ಮುಗೀಲಿಲ್ಲ ಅನ್ನೂದು ಆ ಒಂದು ‘ಹ್ಯಾವ್’ನಲ್ಲಿ ಉಂಟು.

ಕೆಲಸಕ್ಕೆ ಅರ್ಜಿ ಹಾಕುವ, ನರ್ಸಿಂಗ್ ಕಲ್ತ ಮಕ್ಕಳಿಗೆ ಇದು ಇನ್ನೂ ಮುಖ್ಯ. ಬಯೋಡೇಟಾದಲ್ಲಿ ‘ಐ ವರ್ಕ್ಡ್ ಇನ್ ಎ ಹಾಸ್ಪಿಟಲ್ ಇನ್ ಮ್ಯಾಂಗಳೋರ್ ಫಾರ್ ತ್ರೀ ಇಯರ್ಸ್’ ಅಂತ ಬರೆದ್ರೆ ಆ ಕೆಲಸ ಬಿಟ್ಟಿದ್ದಾರೆ ಅಂತ ಅರ್ಥ. ‘ಐ ಹ್ಯಾವ್ ವರ್ಕ್ಡ್ ಇನ್ ಎ ಹಾಸ್ಪಿಟಲ್ ಇನ್ ಮ್ಯಾಂಗಳೋರ್ ಫಾರ್ ತ್ರೀ ಇಯರ್ಸ್’ ಅಂದ್ರೆ ಸಾಮಾನ್ಯವಾಗಿ ಈಗಲೂ ಅಲ್ಲೇ ಇದ್ದಾರೆ ಅಂತ ತಿಳ್ಕೊಳ್ತಾರೆ. ಎರಡೂ ವ್ಯಾಕರಣದಲ್ಲಿ ಸರಿ, ಆದ್ರೆ ಎದುರು ಕೂತವರ ಮುಂದಿನ ಪ್ರಶ್ನೆಯೇ ಬೇರೆ ಆಗ್ತದೆ, ಮೊದಲನೇದ್ದಕ್ಕೆ ಯಾಕೆ ಬಿಟ್ರಿ ಅಂತ ಕೇಳ್ತಾರೆ, ಎರಡನೇದ್ದಕ್ಕೆ ಯಾವಾಗ ರಿಲೀವ್ ಆಗ್ಲಿಕ್ಕೆ ಆಗ್ತದೆ ಅಂತ ಕೇಳ್ತಾರೆ. ಅನುಭವ ಮಾತ್ರ ಹೇಳೂದಾದ್ರೆ, ಎಲ್ಲಿ ಯಾವಾಗ ಅಂತ ಇಲ್ಲದೆ, ‘ಐ ಹ್ಯಾವ್ ವರ್ಕ್ಡ್ ವಿತ್ ಡಯಾಲಿಸಿಸ್ ಪೇಶೆಂಟ್ಸ್’ ಅಂತ ‘ಹ್ಯಾವ್’ ಹಾಕಿ, ಮತ್ತೆ ಅವರು ಎಲ್ಲಿ ಅಂತ ಕೇಳಿದ ಕೂಡ್ಲೇ ಸಿಂಪಲ್ ಪಾಸ್ಟ್‌ಗೆ ಇಳೀರಿ, ‘ಐ ಡಿಡ್ ದಟ್ ಇನ್ ಮೈ ಫಸ್ಟ್ ಜಾಬ್’ ಅಂತ. ಹೀಗೆ ಹ್ಯಾವ್‌ನಲ್ಲಿ ಶುರು ಮಾಡಿ ಪಾಸ್ಟ್‌ಗೆ ಇಳಿಯೂದು ಇಂಗ್ಲಿಷ್ ಮಾತಿನ ಸಹಜ ನಡೆ, ಪೇಪರಿನ ಸುದ್ದಿಯಲ್ಲೂ ಹಾಗೇ, ಮೊದಲ ಸಾಲಿನಲ್ಲಿ ‘ದ ಪೊಲೀಸ್ ಹ್ಯಾವ್ ಅರೆಸ್ಟೆಡ್ ಟು ಮೆನ್’, ಮುಂದೆ ಪೂರ್ತಿ ‘ದೇ ವರ್ ಕಾಟ್ ನಿಯರ್ ದ ಸ್ಟೇಷನ್ ಆನ್ ಸಂಡೇ’.

ಗಲ್ಫಿನಲ್ಲಿ ಯಾರಾದ್ರೂ ಇರುವ ಮನೆಗಳಲ್ಲಿ ‘ಗಾನ್’ ಮತ್ತು ‘ಬೀನ್’ ದಿನಾ ಬೇಕಾಗುವ ಪದ. ‘ಹೀ ಹ್ಯಾಸ್ ಗಾನ್ ಟು ದುಬೈ’ ಅಂದ್ರೆ ದುಬೈಗೆ ಹೋಗಿದ್ದಾನೆ, ಈಗ ಇಲ್ಲಿ ಇಲ್ಲ. ‘ಹೀ ಹ್ಯಾಸ್ ಬೀನ್ ಟು ದುಬೈ’ ಅಂದ್ರೆ ಹೋಗಿ ಬಂದಿದ್ದಾನೆ, ಈಗ ಮನೆಯಲ್ಲೇ ಇರ್ಬಹುದು. ‘ಐ ಹ್ಯಾವ್ ಗಾನ್ ಟು ದುಬೈ’ ಅಂತ ಎದುರು ಕೂತು ಹೇಳ್ಲಿಕ್ಕೆ ಆಗೂದಿಲ್ಲ, ನೀವು ಇಲ್ಲೇ ಇದ್ದೀರಲ್ಲ, ‘ಐ ಹ್ಯಾವ್ ಬೀನ್’ ಅನ್ನಿ. ಇದೇ ‘ಬೀನ್’ ಬೇರೆ ಕಡೆ ಬೇಡದೆ ನುಗ್ತದೆ, ‘ಮೈ ಪಾಸ್‌ಪೋರ್ಟ್ ಹ್ಯಾಸ್ ಬೀನ್ ಎಕ್ಸ್‌ಪೈರ್ಡ್’ ಅಂತ ಬರೀತಾರೆ, ಪಾಸ್‌ಪೋರ್ಟನ್ನು ಯಾರೂ ಎಕ್ಸ್‌ಪೈರ್ ಮಾಡೂದಿಲ್ಲ, ಅದು ತಾನಾಗಿ ಆಗೂದು, ಆದ್ದರಿಂದ ‘ಹ್ಯಾಸ್ ಎಕ್ಸ್‌ಪೈರ್ಡ್’. ಬೇರೆಯವರು ಮಾಡಿದ್ದಾದ್ರೆ ‘ಬೀನ್’ ಬೇಕು: ‘ಮೈ ಅಪ್ಲಿಕೇಶನ್ ಹ್ಯಾಸ್ ಬೀನ್ ರಿಜೆಕ್ಟೆಡ್.’

‘ಹ್ಯಾವ್ ಬೀನ್’ ಆದ ಮೇಲೆ ‘ಇಂಗ್’ ಹಾಕೂದು ಯಾವಾಗ? ಎಷ್ಟಾಯ್ತು ಅನ್ನೂದು ಮುಖ್ಯ ಆದ್ರೆ ‘ಇಂಗ್’ ಬೇಡ, ಎಷ್ಟು ಹೊತ್ತಿಂದ ಅದೇ ಕೆಲಸ ಅನ್ನೂದು ಮುಖ್ಯ ಆದ್ರೆ ಬೇಕು. ಅಡಿಕೆ ಸುಲಿಯುವವರನ್ನು ನೋಡಿ, ಸಂಜೆ ಲೆಕ್ಕ ಕೊಡುವಾಗ ‘ಎರಡು ಗೋಣಿ ಸುಲಿದಾಯ್ತು’, ಅದು ‘ಐ ಹ್ಯಾವ್ ಪೀಲ್ಡ್ ಟು ಸ್ಯಾಕ್ಸ್’. ಬೆರಳು ನೋಯ್ತದೆ ಯಾಕೆ ಅಂತ ಕೇಳಿದ್ರೆ ‘ಬೆಳಿಗ್ಗೆಯಿಂದ ಸುಲೀತಾ ಇದ್ದೇನೆ’, ಅದು ‘ಐ ಹ್ಯಾವ್ ಬೀನ್ ಪೀಲಿಂಗ್ ಅರೆಕನಟ್ ಸಿನ್ಸ್ ದಿಸ್ ಮಾರ್ನಿಂಗ್’. ಆದ್ರೆ ಗೊತ್ತಿರೂದು, ಇಷ್ಟ, ನಂಬಿಕೆ, ಸ್ವಂತದ್ದು ಅನ್ನುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಬರೂದಿಲ್ಲ, ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್’ ಅಲ್ಲ, ‘ಐ ಹ್ಯಾವ್ ನೋನ್ ಹಿಮ್ ಫಾರ್ ಟ್ವೆಂಟಿ ಇಯರ್ಸ್’.

ಈಗ ‘ಹ್ಯಾಡ್’. ಇದಕ್ಕೆ ಹಿಂದೆ ಆದ ಎರಡು ಸಂಗತಿ ಬೇಕು, ಒಂದು ಮೊದಲು, ಇನ್ನೊಂದು ಆಮೇಲೆ. ‘ವೆನ್ ವಿ ರೀಚ್ಡ್ ದ ಟೆಂಪಲ್, ದ ಯಕ್ಷಗಾನ ಹ್ಯಾಡ್ ಸ್ಟಾರ್ಟೆಡ್’ ಅಂದ್ರೆ ನಾವು ಮುಟ್ಟುವಾಗ ಆಟ ಶುರುವಾಗಿತ್ತು, ಚೌಕಿಪೂಜೆ, ಪೂರ್ವರಂಗ ಎಲ್ಲ ತಪ್ಪಿತು. ಅದೇ ಜಾಗದಲ್ಲಿ ‘ದ ಯಕ್ಷಗಾನ ಸ್ಟಾರ್ಟೆಡ್’ ಅಂತ ಹಾಕಿದ್ರೆ ನಾವು ಮುಟ್ಟಿದ ಮೇಲೆಯೇ ಶುರುವಾಯ್ತು, ಒಂದೂ ತಪ್ಪಲಿಲ್ಲ. ಒಂದೇ ಒಂದು ಸಂಗತಿ ಇದ್ದು ಅದು ನಿನ್ನೆಯದ್ದು ಆದ್ರೆ ‘ಹ್ಯಾಡ್’ಗೆ ಅಲ್ಲಿ ಕೆಲಸವೇ ಇಲ್ಲ, ಮಂಗಳೂರಿಗೆ ಹೋದ ವಾಕ್ಯದಲ್ಲಿ ಆದದ್ದು ಅದೇ. ಹಾಗಾದ್ರೆ ‘ಹೋಗಿದ್ದೆ’ ಅಂತ ಬಂದಾಗ ಎಂತ ಮಾಡೂದು? ‘ಆಗ’ ಅನ್ನುವ ಎರಡನೇ ಸಂಗತಿ ಹುಡುಕಿ. ‘ನೀವು ಫೋನ್ ಮಾಡುವಾಗ ನಾನು ಮಂಗಳೂರಿಗೆ ಹೋಗಿದ್ದೆ’, ಇಲ್ಲಿ ಫೋನ್ ಮಾಡಿದ್ದು ಉಂಟು, ‘ವೆನ್ ಯು ಕಾಲ್ಡ್, ಐ ಹ್ಯಾಡ್ ಗಾನ್ ಟು ಮ್ಯಾಂಗಳೋರ್’ ಸರಿಯಾಯ್ತು. ‘ಬಿಫೋರ್’, ‘ಆಫ್ಟರ್’ ಇದ್ರೆ ಯಾವುದು ಮೊದಲು ಅಂತ ಅದೇ ಹೇಳ್ತದೆ, ಆಗ ‘ಹ್ಯಾಡ್’ ಇಲ್ಲದಿದ್ರೂ ನಡೀತದೆ.

‘ವಿಲ್ ಹ್ಯಾವ್’ ಮಾತಿನಲ್ಲಿ ಕಮ್ಮಿ. ‘ಬೈ’ ಅನ್ನುವ ಗಡುವು ಇದ್ರೆ ಅದು ಬರ್ತದೆ, ‘ಬೈ ಜೂನ್ ಐ ವಿಲ್ ಹ್ಯಾವ್ ಫಿನಿಶ್ಡ್ ದ ಕೋರ್ಸ್’, ಜೂನ್ ಒಳಗೆ ಮುಗಿಸಿರ್ತೇನೆ. ಇಷ್ಟು ಗೊತ್ತಿದ್ರೆ ಸಾಕು.

ಇದಕ್ಕಿಂತ ತುಂಬಾ ಹೆಚ್ಚು ಬೇಕಾಗೂದು ಮಸ್ಟ್ ಹ್ಯಾವ್, ಶುಡ್ ಹ್ಯಾವ್, ಕುಡ್ ಹ್ಯಾವ್. ಪರ್ಫೆಕ್ಟ್ ಕಲಿಯೂದೇ ಇವುಗಳಿಗಾಗಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಊಹೆ, ಬೇಜಾರು, ದೂರು ಎಲ್ಲ ಇದ್ರಲ್ಲೇ ಬರೂದು, ಮತ್ತೆ ಇಲ್ಲಿ ಕನ್ನಡ ಚಂದ ಹೊಂದ್ತದೆ. ‘ಅವ ಹೊರಟಿರ್ಬೇಕು’ ಅಂದ್ರೆ ‘ಹೀ ಮಸ್ಟ್ ಹ್ಯಾವ್ ಲೆಫ್ಟ್’. ‘ಮೊದಲೇ ಹೇಳ್ಬೇಕಿತ್ತು’ ಅಂದ್ರೆ ‘ಯು ಶುಡ್ ಹ್ಯಾವ್ ಟೋಲ್ಡ್ ಮಿ ಅರ್ಲಿಯರ್’. ‘ಒಂದು ಫೋನಾದ್ರೂ ಮಾಡ್ಬಹುದಿತ್ತು’ ಅಂದ್ರೆ ‘ಯು ಕುಡ್ ಹ್ಯಾವ್ ಅಟ್ ಲೀಸ್ಟ್ ಕಾಲ್ಡ್’. ‘ಮರ್ತಿರ್ಲಿಕ್ಕೂ ಸಾಕು’ ಅಂದ್ರೆ ‘ಶೀ ಮೇ ಹ್ಯಾವ್ ಫರ್ಗಾಟನ್’. ಇವುಗಳಲ್ಲಿ ಹೀ, ಶೀ ಬಂದ್ರೂ ‘ಹ್ಯಾಸ್’ ಆಗೂದಿಲ್ಲ, ಯಾವಾಗಲೂ ‘ಹ್ಯಾವ್’. ‘ಗೊತ್ತಿದ್ರೆ ಬರ್ತಿದ್ದೆ’ ಅನ್ನೂದು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’, ‘ಇಫ್’ ಇರುವ ಕಡೆ ‘ಹ್ಯಾಡ್’, ಇನ್ನೊಂದು ಕಡೆ ‘ವುಡ್ ಹ್ಯಾವ್’, ಎರಡು ಕಡೆಯೂ ‘ವುಡ್ ಹ್ಯಾವ್’ ಹಾಕ್ಬೇಡಿ.

ಕಿವಿಗೂ ಸ್ವಲ್ಪ ಅಭ್ಯಾಸ ಬೇಕು. ಮಾತಿನಲ್ಲಿ ಯಾರೂ ‘ಶುಡ್ ಹ್ಯಾವ್’ ಅಂತ ಬಿಡಿಸಿ ಹೇಳೂದಿಲ್ಲ, ‘ಶುಡವ್’ ಅಂತ ಕೇಳ್ತದೆ, ‘ಐ ಹ್ಯಾವ್ ಸೀನ್’ ಅನ್ನೂದು ‘ಐವ್ ಸೀನ್’, ‘ಹೀ ಹ್ಯಾಸ್ ಗಾನ್’ ಅನ್ನೂದು ‘ಹೀಸ್ ಗಾನ್’. ಹಾಗೆ ಕೇಳಿ ಕೇಳಿ ಇಂಗ್ಲಿಷ್ ಮನೆಮಾತಿನವರೇ ‘ಶುಡ್ ಆಫ್’ ಅಂತ ತಪ್ಪು ಬರೆಯೂದುಂಟು, ನೀವು ಅದನ್ನು ನೋಡಿ ಕಲಿಯೂದು ಬೇಡ. ‘ಐಡ್’ ಅಂತ ಕೇಳಿದ್ರೆ ಅದು ‘ಐ ಹ್ಯಾಡ್’ ಇರ್ಬಹುದು, ‘ಐ ವುಡ್’ ಇರ್ಬಹುದು, ಮುಂದೆ ಮೂರನೇ ರೂಪ ಬಂದ್ರೆ ‘ಹ್ಯಾಡ್’, ಮೊದಲನೇ ರೂಪ ಬಂದ್ರೆ ‘ವುಡ್’.

ಕೊನೆಗೆ ಒಂದು ಮೇಲ್ ಬರೆಯುವ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀರಿ, ದುಡ್ಡು ಬಂದಿಲ್ಲ. ಮೊದಲ ಸಾಲು ನಡೆದ ವಿಷಯ, ದಿನಾಂಕದ ಜೊತೆ: ‘ಐ ಅಪ್ಲೈಡ್ ಫಾರ್ ದ ಸ್ಕಾಲರ್‌ಶಿಪ್ ಆನ್ 5 ಆಗಸ್ಟ್.’ ದಿನಾಂಕ ಉಂಟು, ‘ಹ್ಯಾವ್’ ಇಲ್ಲ. ಎರಡನೇದ್ದು ಈಗಿನ ಸ್ಥಿತಿ: ‘ಐ ಹ್ಯಾವ್ ನಾಟ್ ರಿಸೀವ್ಡ್ ದ ಅಮೌಂಟ್ ಯೆಟ್.’ ಬಂದಿಲ್ಲ, ಬರ್ಲಿಕ್ಕುಂಟು, ‘ಯೆಟ್’ ಹಾಕಿದ್ರೆ ಇನ್ನೂ ಸ್ಪಷ್ಟ. ಮೂರನೇದ್ದು ನೀವು ಮಾಡಿದ ಪ್ರಯತ್ನ: ‘ಐ ಹ್ಯಾವ್ ಕಾಲ್ಡ್ ಯುವರ್ ಆಫೀಸ್ ತ್ರೀ ಟೈಮ್ಸ್.’ ಎಷ್ಟು ಸಲ ಅಂತ ಎಣಿಸಿ ಹೇಳ್ತಿದ್ದೀರಿ, ‘ಇಂಗ್’ ಬೇಡ. ನಾಲ್ಕನೇದ್ದು: ‘ಲಾಸ್ಟ್ ವೀಕ್ ಐ ವಾಸ್ ಟೋಲ್ಡ್ ದಟ್ ದ ಅಮೌಂಟ್ ಹ್ಯಾಡ್ ಬೀನ್ ಸೆಂಟ್.’ ಅವರು ಹೇಳಿದ್ದು ಹೋದ ವಾರ, ಕಳ್ಸಿದ್ದು ಅದಕ್ಕಿಂತ ಮೊದಲು, ಎರಡು ಸಂಗತಿ ಉಂಟು, ‘ಹ್ಯಾಡ್’ ತನ್ನ ಜಾಗದಲ್ಲಿ ಕೂತಿತು, ಕಳ್ಸಿದವರು ಬೇರೆಯವರು ಆದ್ದರಿಂದ ‘ಬೀನ್’ ಕೂಡಾ. ಐದನೇದ್ದು: ‘ಐ ಹ್ಯಾವ್ ಅಟ್ಯಾಚ್ಡ್ ಮೈ ಬ್ಯಾಂಕ್ ಪಾಸ್‌ಬುಕ್.’ ಅದು ಈಗ ಮೇಲ್‌ನಲ್ಲಿ ಉಂಟು ಅಂತ ಅರ್ಥ, ಹಾಗಾಗಿ ಸೆಂಡ್ ಒತ್ತುವ ಮೊದಲು ಫೈಲ್ ನಿಜವಾಗಿ ಸೇರಿದ್ಯಾ ಅಂತ ಒಮ್ಮೆ ನೋಡಿ.